ಲಾಕ್‌ಡೌನ್‌ನಲ್ಲಿ ಒಳ್ಳೆಯದೇನಾಯಿತು ಎಂದು ಮಗಳು ಕೇಳುತ್ತಾಳೆ, ಏನು ಹೇಳಲಿ?

ಮೈಸೂರಿನಿಂದ, ಕೇಳಿದವರು

ಮಗಳು ಮುಂದಿನ ವಾರ ಶಾಲೆಯಲ್ಲಿ ಎರಡು ನಿಮಿಷ ಮಾತನಾಡಬೇಕಂತೆ. ಕೊಟ್ಟಿರುವ ವಿಷಯ, ‘ಲಾಕ್‌ಡೌನ್‌ನಿಂದ ನಮ್ಮ ಮನೆಗೆ ಆದ ಒಳ್ಳೆಯದು’. 2020ರಲ್ಲಿ ಅವಳಿಗೆ ನಾಲ್ಕು ವರ್ಷ. ಬಾಲ್ಕನಿಯಲ್ಲಿ ತಟ್ಟೆ ಬಡಿದದ್ದೊಂದು ಬಿಟ್ಟರೆ ಏನೂ ನೆನಪಿಲ್ಲ, ಅದಕ್ಕೇ ನನ್ನ ಬೆನ್ನು ಹತ್ತಿದ್ದಾಳೆ. ನನಗೋ ಆ ಕಾಲ ಎಂದರೆ 2021ರ ಮೇ ತಿಂಗಳೇ ಕಣ್ಣಿಗೆ ಕಟ್ಟುತ್ತದೆ. ಆಸ್ಪತ್ರೆಗೆ ಹೋದ ಮಾವನವರು ತಿರುಗಿ ಬರಲಿಲ್ಲ, ಮುಖ ನೋಡುವುದಕ್ಕೂ ಆಗಲಿಲ್ಲ. ಅತ್ತೆ ಇದೇ ಮನೆಯಲ್ಲಿದ್ದಾರೆ. ಅವರ ಎದುರಿಗೆ ಕೂತು ಮಗು ಇದನ್ನು ಬಾಯಿಪಾಠ ಮಾಡುವುದು ಹೇಗೆ?

ನಿಮ್ಮ ಮನೆಗಳಲ್ಲಿ ನಿಜವಾಗಿಯೂ ಏನಾದರೂ ಒಳ್ಳೆಯದು ಆಗಿದ್ದರೆ ತಿಳಿಸಿ. ಗಾಳಿ ಶುದ್ಧವಾಯಿತು, ನವಿಲು ರಸ್ತೆಗೆ ಬಂತು ಎನ್ನುವುದು ಬೇಡ. ಅದನ್ನು ಅವರ ಟೀಚರೇ ಹೇಳಿಕೊಟ್ಟಿದ್ದಾರೆ.

ದಾವಣಗೆರೆಯಿಂದ

ನನ್ನ ಮದುವೆ! 2020ರ ಮೇ ಕೊನೆಯ ವಾರ, 50 ಜನಕ್ಕಷ್ಟೇ ಅನುಮತಿ. ಕಲ್ಯಾಣ ಮಂಟಪಕ್ಕೆ ಕೊಟ್ಟ ಮುಂಗಡ ಮುಳುಗಿತು, ಆದರೆ ಉಳಿದ ದುಡ್ಡಿನಲ್ಲಿ ಅಪ್ಪ ಅಕ್ಕನ ಮದುವೆಯ ಸಾಲ ತೀರಿಸಿದರು. ಮನೆ ಅಂಗಳದಲ್ಲಿ ಚಪ್ಪರ, ಸೋದರಮಾವನದೇ ಅಡುಗೆ. ಕರೆಯದ 700 ಜನ ಇವತ್ತಿಗೂ ಸಿಕ್ಕಲ್ಲೆಲ್ಲ ಊಟ ಹಾಕಿಸಲಿಲ್ಲ ಎನ್ನುತ್ತಾರೆ. ಅನ್ನಲಿ.

ಹಾಸನದಿಂದ

ಅಕ್ಕ, ಇದು ಉದ್ದವಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ನಮ್ಮ ಅಪ್ಪ ಸರ್ಕಾರಿ ಬಸ್ಸಿನ ಚಾಲಕ. ಇಪ್ಪತ್ತಾರು ವರ್ಷದ ಸರ್ವಿಸ್‌ನಲ್ಲಿ ಹೆಚ್ಚಿನದೆಲ್ಲ ರಾತ್ರಿ ಪಾಳಿಯೇ. ಬೆಂಗಳೂರಿನಿಂದ ಹೊರಟು ಹಾಸನ, ಸಕಲೇಶಪುರ ದಾಟಿ, ಶಿರಾಡಿ ಘಾಟಿ ಇಳಿದು ಧರ್ಮಸ್ಥಳ. ನಾನು ಶಾಲೆಗೆ ಹೊರಡುವಾಗ ಅವರು ಮಲಗಿರುತ್ತಿದ್ದರು, ನಾನು ಓದಿಕೊಳ್ಳಲು ಕೂರುವಾಗ ಅವರು ಡಿಪೋಗೆ ಹೊರಟಿರುತ್ತಿದ್ದರು. ‘ಅಪ್ಪ ಮಲಗಿದ್ದಾರೆ, ಮೆತ್ತಗೆ’ ಎನ್ನುವುದು ನಮ್ಮ ಮನೆಯಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತು. ಅವರು ಬೈದದ್ದು ಕಡಿಮೆ, ಮಾತನಾಡಿದ್ದು ಇನ್ನೂ ಕಡಿಮೆ.

ಮಾರ್ಚ್ ಕೊನೆಯ ವಾರ ಬಸ್ಸು ನಿಂತವು. ನಾನಾಗ ಡಿಗ್ರಿ ಎರಡನೆಯ ವರ್ಷ. ಅಪ್ಪ ಮನೆಯಲ್ಲಿ ಉಳಿದರು, ಆದರೆ ಅವರಿಗೆ ರಾತ್ರಿ ನಿದ್ದೆಯೇ ಹತ್ತುತ್ತಿರಲಿಲ್ಲ. ಮೊದಲ ವಾರ ಒಂದು ಮಧ್ಯರಾತ್ರಿ ನಾನು ನೀರು ಕುಡಿಯಲು ಎದ್ದರೆ ನಡುಮನೆಯಲ್ಲಿ ದೀಪ ಹಾಕದೆ ಕುರ್ಚಿಯ ಮೇಲೆ ಕೂತಿದ್ದಾರೆ. ಏನಪ್ಪಾ ಎಂದೆ. “ಗಂಟೆ ಎರಡೂವರೆ. ಈ ಹೊತ್ತಿಗೆ ಸಕಲೇಶಪುರದಲ್ಲಿ ಟೀ ಕುಡಿಯಬೇಕಿತ್ತು” ಎಂದರು. ಅಮ್ಮನೂ ಎಚ್ಚರವಾಗಿಯೇ ಇದ್ದಳು ಎನಿಸುತ್ತದೆ. ಮಾತಿಲ್ಲದೆ ಎದ್ದು ಹೋಗಿ ಟೀ ಇಟ್ಟಳು.

ಅಂದಿನಿಂದ ಅದು ನಮ್ಮ ಮನೆಯ ಪದ್ಧತಿಯಾಯಿತು. ಎರಡೂವರೆಗೆ ಟೀ, ಮೂವರೂ ನಡುಮನೆಯ ನೆಲದ ಮೇಲೆ. ಅಪ್ಪ ಆ ಹೊತ್ತಿಗೆ ಬಾಯಿ ಬಿಡುತ್ತಿದ್ದರು, ಹಗಲು ಹೊತ್ತು ಮಾತ್ರ ಎಂದಿನ ಹಾಗೆ ಗಪ್‌ಚಿಪ್. ಘಾಟಿಯಲ್ಲಿ ಮಂಜು ಕವಿದಾಗ ಮುಂದಿನ ಲಾರಿಯ ಕೆಂಪು ದೀಪ ನಂಬಿಕೊಂಡು ಇಳಿಯುವುದು ಎಷ್ಟು ಅಪಾಯ. ಹೆರಿಗೆ ನೋವು ಬಂದ ಹೆಂಗಸನ್ನು ಬಸ್ಸಿನ ಸಮೇತ ಆಸ್ಪತ್ರೆ ಬಾಗಿಲಿಗೆ ಕೊಂಡೊಯ್ದದ್ದು. ನಾನು ಹುಟ್ಟಿದ ಸುದ್ದಿ ಅವರಿಗೆ ಸಿಕ್ಕಿದ್ದು ಮರುದಿನ, ಎದುರಿನಿಂದ ಬಂದ ಬಸ್ಸಿನ ಚಾಲಕ ಕಿಟಕಿಯಿಂದ ಕೂಗಿ ಹೇಳಿದ್ದರಿಂದ. ಈ ಕೊನೆಯದು ನನಗೆ ಹತ್ತೊಂಬತ್ತು ವರ್ಷ ಗೊತ್ತಿರಲಿಲ್ಲ.

ಮಾತು ಮುಗಿದ ಮೇಲೆ ಚೌಕಾಬಾರ. ಕವಡೆ ಮನೆಯಲ್ಲಿ ಇರಲಿಲ್ಲ. ಅಪ್ಪನೇ ಅಡುಗೆಮನೆಯ ಡಬ್ಬಿಯಿಂದ ಹುಣಸೆ ಬೀಜ ಹುಡುಕಿ, ಒಗೆಯುವ ಕಲ್ಲಿಗೆ ತೇಯ್ದು, ಒಂದೊಂದರ ಒಂದು ಮಗ್ಗುಲನ್ನು ಬೆಳ್ಳಗೆ ಮಾಡಿದರು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಪ್ಪತ್ತೈದು ಮನೆ. ಅಮ್ಮನ ಕಾಯಿ ಹೊಡೆಯುವ ಅವಕಾಶ ಸಿಕ್ಕರೂ ಅಪ್ಪ ಬೇರೆ ಕಾಯಿ ನಡೆಸುತ್ತಿದ್ದರು. ಕೇಳಿದರೆ ಕಣ್ಣು ಮಂಜು ಎನ್ನುತ್ತಿದ್ದರು. ಮಂಜಿನಲ್ಲಿ ಘಾಟಿ ಇಳಿಸುವ ಮನುಷ್ಯ!

ಮೇ 19ಕ್ಕೆ ಬಸ್ಸು ಮತ್ತೆ ರಸ್ತೆಗಿಳಿದವು, ಒಂದೊಂದರಲ್ಲಿ 30 ಜನ. ಸಂಜೆ 7ರಿಂದ ಬೆಳಿಗ್ಗೆ 7ರವರೆಗೆ ಓಡಾಟಕ್ಕೆ ನಿರ್ಬಂಧವಿದ್ದುದರಿಂದ ಇನ್ನೂ ಕೆಲವು ದಿನ ಅಪ್ಪ ಹಗಲಿನ ಪಾಳಿ ಮಾಡಿ ಸಂಜೆಗೆ ಮನೆ ಸೇರುತ್ತಿದ್ದರು. ಆಮೇಲೆ ಹಳೆಯ ಕತೆಯೇ. ಈಗ ನಿವೃತ್ತರಾಗಿದ್ದಾರೆ, ರಾತ್ರಿ ಗಡದ್ದಾಗಿ ನಿದ್ದೆ ಮಾಡುತ್ತಾರೆ. ನನಗೆ ಮಾತ್ರ ಎರಡೂವರೆಗೆ ಒಮ್ಮೊಮ್ಮೆ ಎಚ್ಚರವಾಗುತ್ತದೆ.

ಒಂದು ಮಾತು ಮುಚ್ಚಿಡಬಾರದು. ಆ ಎರಡು ತಿಂಗಳು ಮನೆಯಲ್ಲಿ ದುಡ್ಡಿನ ಚಿಂತೆ ಸಣ್ಣದಿರಲಿಲ್ಲ. ಟೀಗೆ ಹಾಲು ಅರ್ಧ, ನೀರು ಅರ್ಧ.

ಚಿಕ್ಕಬಳ್ಳಾಪುರದ ಕಡೆಯಿಂದ

ನಮ್ಮದು ದ್ರಾಕ್ಷಿ ತೋಟ, ಒಂದೂವರೆ ಎಕರೆ ದಿಲ್‌ಖುಷ್. ಕಟಾವಿಗೆ ಬಂದ ಹೊತ್ತಿಗೇ ಎಲ್ಲ ಬಂದ್. ತೋಟ ಒಪ್ಪಿಕೊಂಡಿದ್ದ ವ್ಯಾಪಾರಿ ಫೋನ್ ಎತ್ತಲಿಲ್ಲ. ಆಮೇಲೆ ಬಂದವನೊಬ್ಬ ಕೆಜಿಗೆ ಎಂಟು ರೂಪಾಯಿ ಎಂದ, ಕೊಯ್ಯುವ ಕೂಲಿಯೂ ಹುಟ್ಟದು. ಒಂದು ಭಾಗ ಹಣ್ಣು ಬಳ್ಳಿಯಲ್ಲೇ ಕೊಳೆಯಿತು, ಅದನ್ನು ಗುಂಡಿಗೆ ಸುರಿದೆವು. ಇದನ್ನು ಮೊದಲೇ ಹೇಳಿಬಿಟ್ಟೆ, ಇಲ್ಲದಿದ್ದರೆ ಮುಂದಿನದು ಜಾಹೀರಾತಿನ ಹಾಗೆ ಕೇಳಿಸುತ್ತದೆ.

ತಮ್ಮನ ಗೆಳೆಯನೊಬ್ಬ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿದ್ದ. ಅವನು ಅವರ ವಾಟ್ಸ್ಆ್ಯಪ್ ಗುಂಪಿನಲ್ಲಿ ತೋಟದ ಫೋಟೊ ಹಾಕಿದ. ಎರಡು ಕೆಜಿಯ ರಟ್ಟಿನ ಪೆಟ್ಟಿಗೆ, ಕೆಜಿಗೆ ನಲವತ್ತು. ಪಾಸ್ ಮಾಡಿಸಿಕೊಂಡು ಲಗೇಜ್ ಆಟೊದಲ್ಲಿ ಬೆಳಗಿನ ಜಾವ ಹೊರಟರೆ ಎಂಟಕ್ಕೆ ಅವರ ಗೇಟಿನಲ್ಲಿ. ಜನ ಮಾಸ್ಕ್ ಹಾಕಿಕೊಂಡು ಸಾಲಾಗಿ ನಿಂತಿದ್ದರು, ಚೌಕಾಸಿ ಇಲ್ಲ. ಒಬ್ಬ ಅಜ್ಜಿ ಮೇಲಿನ ಮಹಡಿಯಿಂದ ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಬಿಟ್ಟರು, ಬುಟ್ಟಿಯಲ್ಲಿ ನೂರರ ನೋಟು, ಜೊತೆಗೆ ನನಗೆಂದು ಎರಡು ಕೋಡುಬಳೆ.

ನಲವತ್ತು ವರ್ಷ ದ್ರಾಕ್ಷಿ ಬೆಳೆದ ನಮ್ಮಪ್ಪ ಅದುವರೆಗೆ ತನ್ನ ಹಣ್ಣು ತಿನ್ನುವವರ ಮುಖ ನೋಡಿರಲಿಲ್ಲ. ಆ ಅಪಾರ್ಟ್‌ಮೆಂಟಿನ ಮೂವತ್ತು ಮನೆಯವರು ಈಗಲೂ ಪ್ರತಿ ವರ್ಷ ತರಿಸಿಕೊಳ್ಳುತ್ತಾರೆ. ಬಾಕಿ ಬೆಳೆ ಮಾತ್ರ ಮತ್ತೆ ವ್ಯಾಪಾರಿಗೇ. ಟನ್ನುಗಟ್ಟಲೆ ಹಣ್ಣನ್ನು ಎರಡು ಕೆಜಿಯ ಪೆಟ್ಟಿಗೆಯಲ್ಲಿ ಮಾರುತ್ತಾ ಕೂತರೆ ತೋಟ ನೋಡುವವರು ಯಾರು?

ಸಿದ್ದಾಪುರದಿಂದ (ಉತ್ತರ ಕನ್ನಡ)

ನಮ್ಮ ಕೇರಿಯಲ್ಲಿ ಹನ್ನೊಂದು ಮನೆ. ಎಲ್ಲ ಮನೆಯಲ್ಲೂ ಅರವತ್ತು ದಾಟಿದವರೇ, ಮಕ್ಕಳೆಲ್ಲ ಬೆಂಗಳೂರು. ಆ ಬೇಸಿಗೆ ಹದಿನೇಳು ಮಂದಿ ಹುಡುಗರು, ಹುಡುಗಿಯರು ಊರಿಗೆ ಬಂದು ಉಳಿದರು. ಮಿಡಿ ಕೊಯ್ಯಲು ಆಳು ಸಿಗದೆ ಎರಡು ವರ್ಷ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿರಲಿಲ್ಲ, ಆ ವರ್ಷ ಮೂರು ಭರಣಿ ತುಂಬಿತು. ಹಲಸಿನ ಹಪ್ಪಳ ಸಾವಿರದ ಮೇಲೆ. ಕಂಪ್ಯೂಟರ್ ಕೆಲಸದ ನನ್ನ ಮಗ ಹಪ್ಪಳದ ಹಿಟ್ಟನ್ನು ಒನಕೆಯಲ್ಲಿ ಕುಟ್ಟಿ ಅಂಗೈ ಬೊಬ್ಬೆ ತೋರಿಸುತ್ತಾ ಊರೆಲ್ಲ ಸುತ್ತಿದ.

ನೆಟ್‌ವರ್ಕ್ ಮಾತ್ರ ಗುಡ್ಡದ ನೆತ್ತಿಯ ಮೇಲೆ. ಅಲ್ಲಿ ಅಡಿಕೆ ದಬ್ಬೆ, ಸೋಗೆಯಲ್ಲಿ ಒಂದು ಮಾಡು ಕಟ್ಟಿಕೊಂಡರು. ಜೂನ್ ಮಳೆಯಲ್ಲಿ ಲ್ಯಾಪ್‌ಟಾಪಿಗೆ ಪ್ಲಾಸ್ಟಿಕ್ಕು, ತಲೆಗೆ ಕಂಬಳಿಕೊಪ್ಪೆ, ಕಾಲಿಗೆ ಉಂಬಳ. ಮೀಟಿಂಗಿನಲ್ಲಿ ಕಪ್ಪೆ ಕೂಗುವುದು ಕೇಳಿ ಅಮೆರಿಕದ ಮೇಲಧಿಕಾರಿ ಏನು ಸದ್ದು ಎಂದನಂತೆ.

ಹೋಗುವಾಗ ಎಲ್ಲರೂ ಇಲ್ಲೇ ಉಳಿಯುವ ಮಾತು ಆಡಿದರು. ಉಳಿದವನು ಒಬ್ಬ. ಅವನು ನನ್ನ ಮಗನಲ್ಲ.

ಯಾದಗಿರಿ ಜಿಲ್ಲೆಯಿಂದ

ನಾನು ಈಗ ಶಿಕ್ಷಕ. ಆಗ ಅಪ್ಪ, ಅವ್ವ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕಿದ್ದರು. ಏಪ್ರಿಲ್ ಪೂರ್ತಿ ತಗಡಿನ ಶೆಡ್ಡಿನಲ್ಲಿ ಕಳೆದು, ಮೇ ಮೊದಲ ವಾರ ಸರ್ಕಾರ ಉಚಿತ ಬಸ್ಸು ಬಿಟ್ಟಾಗ ಮೆಜೆಸ್ಟಿಕ್‌ನಿಂದ ಊರಿಗೆ ಬಂದರು. ಮೇಸ್ತ್ರಿ ಕೊಡಬೇಕಿದ್ದ ಕೂಲಿ ಇನ್ನೂ ಬಂದಿಲ್ಲ, ಬರುವುದೂ ಇಲ್ಲ.

ಊರಿನಲ್ಲಿ ಉದ್ಯೋಗ ಖಾತ್ರಿ ಕೆಲಸ ಸಿಕ್ಕಿತು, ಕೆರೆಯ ಹೂಳೆತ್ತುವುದು. ಆ ವರ್ಷ ದಿನಕ್ಕೆ 275 ರೂಪಾಯಿ. ಬೆಂಗಳೂರಿಗೆ ಹೋಲಿಸಿದರೆ ಅಪ್ಪನಿಗೆ ಇದು ಅರ್ಧವೂ ಅಲ್ಲ. ಆದರೆ ಅಲ್ಲಿ ಹೆಣ್ಣಾಳು ಎಂದು ಅವ್ವನಿಗೆ ಯಾವಾಗಲೂ ಕಡಿಮೆ ಕೂಲಿ, ಇಬ್ಬರದ್ದೂ ಸೇರಿ ಅಪ್ಪನ ಕೈಗೇ. ಇಲ್ಲಿ ಗಂಡಾಳು, ಹೆಣ್ಣಾಳು ಎಂಬ ಭೇದವಿಲ್ಲ, ದುಡ್ಡು ಅವಳ ಖಾತೆಗೇ ಬಿತ್ತು. ಬ್ಯಾಂಕಿನವರು ಪಾಸ್‌ಬುಕ್ಕಿನಲ್ಲಿ ಮುದ್ರಿಸಿಕೊಟ್ಟ ಸಾಲನ್ನು ಅವ್ವ ನನ್ನಿಂದ ಮೂರು ಸಲ ಓದಿಸಿದಳು. ಅಕ್ಷರ ಬಾರದಿದ್ದರೂ ತನ್ನ ಹೆಸರು ಎಲ್ಲಿದೆ ಎಂದು ಬೆರಳಿಟ್ಟು ಕೇಳಿದಳು. ಆ ದುಡ್ಡಿನಲ್ಲಿ ಎರಡು ಆಡು ಕೊಂಡಳು, ಅಪ್ಪನನ್ನು ಕೇಳದೆ. ಈಗ ಒಂಬತ್ತಿವೆ.

ನಿಮ್ಮ ಮಗಳು ಇದನ್ನು ಹೇಳಲಿ ಎನ್ನುತ್ತಿಲ್ಲ, ಇದು ನಮ್ಮ ಮನೆಯದು. ಆದರೆ ತರಗತಿಯಲ್ಲಿ ಎಲ್ಲರೂ ಕೇಕ್ ಮಾಡಿದ್ದನ್ನೇ ಹೇಳಿದರೆ ಹಿಂದಿನ ಬೆಂಚಿನ ಮಗು ಏನು ಹೇಳಬೇಕು ಎಂದು ನನಗೆ ಅನ್ನಿಸುತ್ತದೆ. ನನ್ನ ತರಗತಿಯಾಗಿದ್ದರೆ ಈ ವಿಷಯ ಕೊಡುತ್ತಿರಲಿಲ್ಲ.

ಬೆಂಗಳೂರಿನಿಂದ

ನಾನು ಆಸ್ಪತ್ರೆಯಲ್ಲಿ ಶುಶ್ರೂಷಕಿ. ನಿಮ್ಮ ಮಾವನವರಂಥವರನ್ನು ಬಹಳ ಮಂದಿಯನ್ನು ನೋಡಿದ್ದೇನೆ. ನನಗೆ ಒಳ್ಳೆಯದು ಏನಾಯಿತು ಎಂದು ಹುಡುಕಿದೆ. ಯಲಹಂಕದಿಂದ ಜಯನಗರಕ್ಕೆ ಖಾಲಿ ರಸ್ತೆಯಲ್ಲಿ ಮುಕ್ಕಾಲು ಗಂಟೆಗೇ ತಲುಪುತ್ತಿದ್ದೆ ಎಂಬುದೊಂದು ನೆನಪಾಯಿತು. ಅದನ್ನು ಲೆಕ್ಕಕ್ಕೆ ಹಿಡಿಯಲು ಮನಸ್ಸು ಒಪ್ಪುವುದಿಲ್ಲ.

ವಿಷಯದಲ್ಲೇ ಒಂದು ಸಣ್ಣ ತಿದ್ದುಪಡಿ ಮಾಡಿ ನೋಡಿ, ತಂಗಿ. ‘ಲಾಕ್‌ಡೌನ್‌ನಿಂದ’ ಎಂದು ಟೀಚರ್ ಬರೆದಿದ್ದಾರೆ. ಮಗಳು ‘ಲಾಕ್‌ಡೌನ್‌ನಲ್ಲಿ’ ಎಂದು ಶುರು ಮಾಡಲಿ. ಬೇನೆ ಯಾರಿಗೂ ಏನೂ ಕೊಡಲಿಲ್ಲ. ಆ ದಿನಗಳಲ್ಲಿ ಮನುಷ್ಯರು ಒಬ್ಬರಿಗೊಬ್ಬರು ಕೊಟ್ಟದ್ದನ್ನು ಹೇಳಿದರೆ ನಿಮ್ಮ ಅತ್ತೆಗೆ ನೋವಾಗಲಾರದು. ಮೊದಲು ಅವರನ್ನೇ ಕೇಳಿ, ಅವರ ಎದುರಿಗೆ ಮುಚ್ಚಿಡುತ್ತಾ ಕೂರಬೇಡಿ.

ಮೈಸೂರಿನಿಂದ, ಕೇಳಿದವರು

ನಿನ್ನೆ ರಾತ್ರಿ ಎಲ್ಲವನ್ನೂ ಅತ್ತೆಗೆ ಓದಿ ಹೇಳಿದೆ. ಹಾಸನದವರ ಟೀ ಕತೆ ಮುಗಿಯುವವರೆಗೆ ಸುಮ್ಮನಿದ್ದರು. ಆಮೇಲೆ, “ಅವರು ನನ್ನ ತಲೆಗೆ ಬಣ್ಣ ಹಚ್ಚಿದ್ದರು, ಗೊತ್ತೇನು?” ಎಂದರು. ಮಾವನವರು! 2020ರ ಏಪ್ರಿಲ್‌ನಲ್ಲಿ, ಹಿತ್ತಿಲಲ್ಲಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ. ನಲವತ್ತೆರಡು ವರ್ಷದ ಸಂಸಾರದಲ್ಲಿ ತನ್ನ ತಲೆ ಬಾಚುವುದನ್ನೂ ನೋಡದ ಮನುಷ್ಯ, ಕಿವಿಗೆಲ್ಲ ಕಪ್ಪು ಬಳಿದು, ಮೂರು ದಿನ ಹೋಗಲಿಲ್ಲವಂತೆ. ನಾನು ಅದೇ ಮನೆಯಲ್ಲಿದ್ದೆ, ಒಳಗೆ ಕಂಪ್ಯೂಟರ್ ಮುಂದೆ. ನನಗೆ ಗೊತ್ತೇ ಆಗಿರಲಿಲ್ಲ. ಮಗಳು ಅದನ್ನೇ ಹೇಳುತ್ತೇನೆ ಎಂದು ಕೂತಿದ್ದಾಳೆ, ಅತ್ತೆ ಒಪ್ಪಿದ್ದಾರೆ, ಆದರೆ ಬ್ರಶ್ಶಿನ ಸಂಗತಿ ಬಿಟ್ಟುಬಿಡಬೇಕಂತೆ.

ಹಾಸನದವರಿಗೆ ಒಂದು ಪ್ರಶ್ನೆ. ಇಬ್ಬರೂ ಬೆಳಿಗ್ಗೆಯಿಂದ ಹುಣಸೆ ಬೀಜ ತೇಯುತ್ತಿದ್ದಾರೆ. ಎಷ್ಟು ಬೇಕು?

ಹಾಸನದಿಂದ

ನಾಲ್ಕು ಸಾಕು ಅಕ್ಕ. ಬಿಳಿ ಮಗ್ಗುಲು ಎಷ್ಟು ಮೇಲಾದವೋ ಅಷ್ಟು ಮನೆ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪು ಬಿದ್ದರೆ ಬಾರ, ಎಂದರೆ ಎಂಟು, ಮತ್ತೆ ಆಡಬಹುದು. ತೀರಾ ತೇಯಲು ಬಿಡಬೇಡಿ, ಬೀಜ ತೆಳ್ಳಗಾದರೆ ಒಂದೇ ಕಡೆ ಬೀಳುತ್ತದೆ. ಅಪ್ಪ ಪಕ್ಕದಲ್ಲಿ ಕೂತು ಹೇಳಿಸುತ್ತಿದ್ದಾರೆ.