ಸಹಾಯ ಬೇಕು: ಪಾರ್ಕ್ ರಿಪೇರಿಗೆ ತೈಲದ ದುಡ್ಡು, ಪರಿಸರದ ಲೆಕ್ಕ ಹೇಗೆ ಹಾಕೋದು?

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಓದುತ್ತಿದ್ದೇನೆ. 2020ರ ಗ್ರೇಟ್ ಅಮೆರಿಕನ್ ಔಟ್‌ಡೋರ್ಸ್ ಕಾಯ್ದೆಯಿಂದ ಪರಿಸರಕ್ಕೆ ಏನಾಯಿತು ಅಂತ ವರದಿ ಬರೆಯಬೇಕು. ರಾಷ್ಟ್ರೀಯ ಉದ್ಯಾನ, ಕಾಡುಗಳಲ್ಲಿ ಬಾಕಿ ಬಿದ್ದ ರಿಪೇರಿಗೆ 2021ರಿಂದ 2025ರವರೆಗಿನ 5 ಹಣಕಾಸು ವರ್ಷ, ವರ್ಷಕ್ಕೆ 190 ಕೋಟಿ ಡಾಲರ್‌ವರೆಗೆ ಕೊಡಲು ತಂದ ಕಾಯ್ದೆ ಇದು, ಆದರೆ ದುಡ್ಡು ಬಂದದ್ದು ಸರ್ಕಾರಿ ನೆಲ, ಸಮುದ್ರದಿಂದ ತೆಗೆಯುವ ತೈಲ, ಅನಿಲದಂಥವುಗಳ ಆದಾಯದಿಂದ.

ಒಂದು ಪಾರ್ಕಿನಲ್ಲಿ ನಾನೇ ನೋಡಿದೆ. ನೀರಿನ ಪೈಪಿಗೆ ರಬ್ಬರ್ ಸುತ್ತಿದ್ದರು, ಆದರೂ ಸೋರಿ ಸೋರಿ ಕೆಳಗೆಲ್ಲ ಕೆಸರು. ರಿಪೇರಿ ಬೇಕೇ ಬೇಕು, ಅದರಲ್ಲಿ ಅನುಮಾನವಿಲ್ಲ.

ಒಂದೊಂದು ಕಾಮಗಾರಿಯ ಪರಿಣಾಮ ನೋಡಲು 1970ರಿಂದ ಜಾರಿಯಲ್ಲಿರುವ ನೇಪಾ (ಅಮೆರಿಕದ ರಾಷ್ಟ್ರೀಯ ಪರಿಸರ ನೀತಿ) ಕಾಯ್ದೆ ಇದೆ. ಆದರೆ ದುಡ್ಡಿನ ಮೂಲವಾದ ತೈಲ, ಅನಿಲ ಸುಟ್ಟಾಗ ಗಾಳಿಗೆ ಸೇರುವ ಇಂಗಾಲವನ್ನೂ ಲೆಕ್ಕಕ್ಕೆ ಸೇರಿಸಬೇಕಾ? ಔಟ್‌ಡೋರ್ಸ್ ಕಾಯ್ದೆ ಇಲ್ಲದಿದ್ದರೂ ತೈಲ ತೆಗೆಯುತ್ತಲೇ ಇದ್ದರು ಅಲ್ವಾ? ಇಂಥ ಕೆಲಸ ಮಾಡಿದವರು ದಯವಿಟ್ಟು ದಾರಿ ತೋರಿಸಿ.