ಪ್ರಶ್ನೋತ್ತರ: ನಮ್ಮ ಸಂಸ್ಥೆಗೆ ಯಾವ ಡೇಟಾ ಮೈನಿಂಗ್ ಸಾಫ್ಟ್‌ವೇರ್ ತಗೊಳ್ಳೋದು?

ಮೇಡಂ, ಡೇಟಾ ವಿಶ್ಲೇಷಕಿ: ಎಲ್ಲರಿಗೂ ನಮಸ್ಕಾರ. ಡೇಟಾ ಮೈನಿಂಗ್ ಅಂದರೆ ಹಳೇ ದಾಖಲೆಗಳನ್ನು ಜಾಲಾಡಿ ಮುಂದೇನಾಗಬಹುದು ಅಂತ ಅಂದಾಜು ಮಾಡುವುದು. ಕೇಳುವಾಗ ಮೂರು ವಿಷಯ ಬರೆಯಿರಿ. ಏನನ್ನು ಮೊದಲೇ ತಿಳಿಯಬೇಕು? ಎಷ್ಟು ವರ್ಷದ ದಾಖಲೆ ಇದೆ? ಸಾಫ್ಟ್‌ವೇರನ್ನು ದಿನಾ ನಡೆಸುವವರು ಯಾರು?

ಬಟ್ಟೆ ಅಂಗಡಿ, ದಾವಣಗೆರೆ: ನಮಸ್ತೆ ಮೇಡಂ, ಯಾವ ಸಾಫ್ಟ್‌ವೇರ್ ಬೆಸ್ಟ್?

ಮೇಡಂ: ಯಾವ ಕೆಲಸಕ್ಕೆ ಸರ್? ಮೇಲೆ ಕೇಳಿದ ಮೂರನ್ನು ಬರೆಯಿರಿ.

ಸಂಘದ ಕಾರ್ಯದರ್ಶಿ, ತೀರ್ಥಹಳ್ಳಿ ಕಡೆ: ಮೇಡಂ, ನಮ್ಮದು ಕೃಷಿ ಪತ್ತಿನ ಸಹಕಾರ ಸಂಘ. ಸದಸ್ಯರಲ್ಲಿ ಅಡಿಕೆ ಬೆಳೆಗಾರರೇ ಜಾಸ್ತಿ. ಯಾರು ಗಡುವಿಗೆ ಸಾಲ ಕಟ್ಟದೆ ಸುಸ್ತಿಯಾಗಬಹುದು ಅಂತ ಡಿಸೆಂಬರಿನಲ್ಲೇ ಗೊತ್ತಾದರೆ ಮನೆಗೆ ಹೋಗಿ ಮಾತಾಡಬಹುದು. 2014ರಿಂದ ಲೆಕ್ಕ ಕಂಪ್ಯೂಟರಿನಲ್ಲಿದೆ. ನಡೆಸುವವರು ನಾನು ಮತ್ತು ಒಬ್ಬ ಗುಮಾಸ್ತರು. ಒಂದು ಕಂಪನಿಯವರು ನಮ್ಮ ಹಳೇ ಸಾಲಗಳ ಮೇಲೆ ಓಡಿಸಿ ತೋರಿಸಿದರು. 98% ಸರಿ ಬಂತು. ನಿರ್ದೇಶಕರೆಲ್ಲ ಒಪ್ಪಿದ್ದಾರೆ. ತಗೊಳ್ಳೋಣವಾ?

ಮೇಡಂ: ಸದ್ಯ ಸಹಿ ಹಾಕಬೇಡಿ. ಆ 98% ನೋಡಿಯೇ ನನಗೆ ಆತಂಕ ಆಗ್ತಿದೆ.

ನೂರು ಸಾಲದಲ್ಲಿ ಎರಡು ಸುಸ್ತಿ ಅಂದುಕೊಳ್ಳಿ. 'ಎಲ್ಲರೂ ಕಟ್ಟುತ್ತಾರೆ' ಅಂತ ಗೋಡೆ ಮೇಲೆ ಬರೆದಿಟ್ಟರೂ 98% ಸರಿಯೇ. ಒಬ್ಬ ಸುಸ್ತಿದಾರನೂ ಸಿಕ್ಕಿರುವುದಿಲ್ಲ. ಸುಸ್ತಿಯಾದವರಲ್ಲಿ ಎಷ್ಟು ಜನರನ್ನು ಹಿಡಿಯಿತು, ಸರಿಯಾಗಿ ಕಟ್ಟಿದವರಲ್ಲಿ ಎಷ್ಟು ಜನರನ್ನು ಸುಮ್ನೆ ಅನುಮಾನಿಸಿತು ಅಂತ ಕೇಳಿ.

ಆಮೇಲೆ ನಿಮ್ಮ ಕಾಲಂಗಳನ್ನು ನೋಡಿ. ಪ್ರತಿಯೊಂದನ್ನೂ ಯಾವ ದಿನ ತುಂಬಿದ್ದು? ಹಿಂದೆ ನಾನು ನೋಡಿದ ಒಂದು ಫೈಲಿನಲ್ಲಿ 'ಷರಾ' ಅಂತ ಕಾಲಂ ಇತ್ತು. ಅದರಲ್ಲಿ ಗುಮಾಸ್ತರು 'ಜಾಮೀನುದಾರರಿಗೆ ತಿಳಿಸಿದೆ' ಅಂತ ಬರೆದಿದ್ದರು. ಸಾಲ ಸುಸ್ತಿಯಾದ ಮೇಲೆ ಮಾತ್ರ ಬರೆಯುವ ಮಾತು ಅದು! ಸಾಫ್ಟ್‌ವೇರ್ ಅದನ್ನೇ ಹಿಡಿದುಕೊಂಡು ಪೂರ್ತಿ ಅಂಕ ತಗೊಂಡಿತ್ತು. ಹೊಸ ಸಾಲಗಳಲ್ಲಿ ಆ ಕಾಲಂ ಖಾಲಿ, ಅಲ್ಲಿ ಏನೂ ತೋಚಲಿಲ್ಲ. ನೋಟಿಸ್ ದಿನಾಂಕ, ದಾವಾ ಸಂಖ್ಯೆಯೂ ಹೀಗೇ.

ನಿಮ್ಮಂಥ ಸಂಘದಲ್ಲಿ ಇನ್ನೂ ದೊಡ್ಡ ತೊಡಕಿದೆ. 2017ರಲ್ಲಿ ಸರ್ಕಾರ ಸಹಕಾರ ಸಂಘಗಳ ಬೆಳೆಸಾಲದಲ್ಲಿ 50,000 ರೂಪಾಯಿವರೆಗೆ ಮನ್ನಾ ಮಾಡಿತು. 2018ರಲ್ಲಿ ಮತ್ತೆ 1 ಲಕ್ಷದವರೆಗೆ. ಆಗ ತೀರಿದ ಸಾಲವೂ, ರೈತರು ತಾವೇ ಕಟ್ಟಿದ ಸಾಲವೂ ಕಂಪ್ಯೂಟರಿನಲ್ಲಿ ಒಂದೇ ಥರ ಕಾಣುತ್ತವೆ. ಇನ್ನು ಬಡ್ಡಿ ಇಲ್ಲದ ಬೆಳೆಸಾಲ. ಬಡ್ಡಿ ಬೀಳಬಾರದೆಂದು ಗಡುವಿನ ಹೊತ್ತಿಗೆ ಕೈಗಡ ತಂದು ಕಟ್ಟುತ್ತಾರೆ, ನಾಲ್ಕು ದಿನ ಬಿಟ್ಟು ಮತ್ತೆ ಸಾಲ ಎತ್ತುತ್ತಾರೆ. ಅವರ ಕಷ್ಟ ನಿಮಗೆ ಗೊತ್ತು, ಲೆಡ್ಜರಿಗೆ ಗೊತ್ತಿಲ್ಲ. ಎಲೆಚುಕ್ಕಿ ರೋಗ ಬಂದ ತೋಟದ ವಿಷಯವೂ ಲೆಡ್ಜರಿನಲ್ಲಿ ಇರುವುದಿಲ್ಲ. ಆ ರೋಗ ಜೋರಾಗುವ ಮೊದಲಿನ ವರ್ಷಗಳಿಂದ ಕಲಿತ ಲೆಕ್ಕ ಈಗಿನ ತೋಟಕ್ಕೆ ಹೊಂದುತ್ತದೆ ಅಂತ ನಂಬಬೇಡಿ.

ಆ ಕಂಪನಿಯವರನ್ನು ಮತ್ತೆ ಕರೆಸಿ. ಕಳೆದ ವರ್ಷದ ಫಲಿತಾಂಶವನ್ನು ಪೂರ್ತಿ ಮುಚ್ಚಿಡಿ. ಡಿಸೆಂಬರ್ ಕೊನೆಗೆ ನಿಮಗೆ ಏನು ಗೊತ್ತಿತ್ತೋ ಅಷ್ಟನ್ನೇ ಕೊಡಿ. ಅವರು ಹೆಸರು ಪಟ್ಟಿ ಮಾಡಲಿ, ನೀವು ತಾಳೆ ನೋಡಿ. ಒಪ್ಪದಿದ್ದರೆ ಅಲ್ಲಿಗೇ ಬಿಡಿ.

ಪೈಥಾನ್ ಗೆಳೆಯ, ಬೆಂಗಳೂರು: ಇಷ್ಟೆಲ್ಲ ಯಾಕೆ? ಕೋಡ್ ಬರೆಯೋ ಭಾಷೆ ಪೈಥಾನ್, ಅದರಲ್ಲಿ ಮುನ್ಸೂಚನೆಗೆ ಇರೋ ಸೈಕಿಟ್-ಲರ್ನ್ ಕಲಿತರೆ ಮುಗೀತು. ಒಂದು ರೂಪಾಯಿ ಖರ್ಚಿಲ್ಲ.

ಉಪನ್ಯಾಸಕರು, ತುಮಕೂರು: ಗುಮಾಸ್ತರಿಗೆ ಪೈಥಾನ್ ಕಲಿಸುವವರು ಯಾರು? ನೀವು ಬರ್ತೀರಾ? ಎಸ್‌ಪಿಎಸ್‌ಎಸ್ ಅನ್ನೋ ಅಂಕಿಅಂಶದ ಸಾಫ್ಟ್‌ವೇರ್ 1968ರಿಂದ ಇದೆ. ಮೆನು ಒತ್ತಿದರೆ ಸಾಕು.

ಪೈಥಾನ್ ಗೆಳೆಯ: ಅದರ ಲೈಸೆನ್ಸ್ ದುಡ್ಡು ಸಂಘದ ಸದಸ್ಯರು ಕಟ್ಟಬೇಕಾ?

ಉಪನ್ಯಾಸಕರು: ಕೋಡ್ ಬರೆದ ಹುಡುಗ ಕೆಲಸ ಬಿಟ್ಟು ಹೋದ ಮೇಲೆ ಅದನ್ನು ಓದುವವರು ಯಾರು? ಆ ಖರ್ಚು ಲೆಕ್ಕಕ್ಕಿಲ್ಲವಾ?

ನರ್ಸಿಂಗ್ ಹೋಂ ಮ್ಯಾನೇಜರ್, ಹುಬ್ಬಳ್ಳಿ: ಅಪಾಯಿಂಟ್‌ಮೆಂಟ್ ತಗೊಂಡು ಬಾರದವರನ್ನು ಮೊದಲೇ ತಿಳಿಯಬೇಕು. ಎರಡು ವರ್ಷದ ದಾಖಲೆ ಇದೆ. ನಮ್ಮಲ್ಲಿ ವರದಿ, ಚಾರ್ಟ್ ಮಾಡುವ ಪವರ್ ಬಿಐ ಇದೆ, ಸಾಕಾಗುತ್ತಾ?

ಪೈಥಾನ್ ಗೆಳೆಯ: ಸರ್, ಮೆನು ಒತ್ತೋದನ್ನೇ ವಿಶ್ಲೇಷಣೆ ಅಂತ ಕಾಲೇಜಿನಲ್ಲಿ ಹೇಳಿಕೊಟ್ಟರೆ ಹೀಗೇ ಆಗೋದು.

ಉಪನ್ಯಾಸಕರು: ಮಾತು ಸರಿಯಾಗಿರಲಿ.

ಮೇಡಂ: ಇಬ್ಬರೂ ನಿಲ್ಲಿಸಿ. ಸರ್, ನೀವು ಹೇಳುವ ಎಸ್‌ಪಿಎಸ್‌ಎಸ್ ಬೇರೆ, ಎಸ್‌ಪಿಎಸ್‌ಎಸ್ ಮಾಡೆಲರ್ ಬೇರೆ. ಮುನ್ಸೂಚನೆಗೆಂದೇ ಮಾಡಿದ್ದು ಎರಡನೆಯದು. 2009ರಿಂದ ಎರಡೂ ಐಬಿಎಂ ಕಂಪನಿಯವು. ಪೈಥಾನ್ ಗಟ್ಟಿ ಸಾಧನವೇ, ಆದರೆ ಇಬ್ಬರೇ ಇರುವ ಸಂಘಕ್ಕಲ್ಲ.

ಕಾರ್ಯದರ್ಶಿಯವರೇ, ನೀವು ನೈಮ್ (KNIME) ಅಥವಾ ಆರೆಂಜ್ (Orange) ಅನ್ನುವ ಸಾಫ್ಟ್‌ವೇರ್ ನೋಡಿ. ಪರದೆ ಮೇಲೆ ಪೆಟ್ಟಿಗೆಗಳನ್ನು ಗೆರೆ ಎಳೆದು ಜೋಡಿಸುತ್ತಾ ಹೋಗುವುದು, ಕೋಡ್ ಬೇಡ. ನೈಮ್ ಜರ್ಮನಿಯ ಕೊನ್‌ಸ್ಟಾಂಜ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು, ಆರೆಂಜ್ ಸ್ಲೊವೇನಿಯಾದ ಲುಬ್ಲಿಯಾನಾ ವಿಶ್ವವಿದ್ಯಾಲಯದ್ದು. ನಿಮ್ಮ ಕಂಪ್ಯೂಟರಿನಲ್ಲೇ ನಡೆಸುವುದಾದರೆ ಎರಡಕ್ಕೂ ದುಡ್ಡಿಲ್ಲ. ಕಲಿಯಲು ಆರೆಂಜ್ ಸುಲಭ. ನಾಲ್ಕಾರು ಎಕ್ಸೆಲ್ ಫೈಲು ಕೂಡಿಸಿ ಪ್ರತಿ ತಿಂಗಳೂ ಅದೇ ಕೆಲಸ ಮಾಡಲು ನೈಮ್ ವಾಸಿ. ಅದು ಹೊತ್ತಿಗೆ ಸರಿಯಾಗಿ ತಾನೇ ಓಡಬೇಕು, ಹತ್ತು ಶಾಖೆಯವರು ಹಂಚಿಕೊಳ್ಳಬೇಕು ಅಂದಾಗ ದುಡ್ಡು ಕೇಳುತ್ತಾರೆ. ನಿಮಗೆ ಅದು ಬೇಡ.

ಸದಸ್ಯ, ಮೈಸೂರು: ಫಾರ್ವರ್ಡ್ ಆಗಿ ಬಂದಿದೆ 👉 'ನಿಮ್ಮ ಎಕ್ಸೆಲ್ ಫೈಲ್ ಈ ಲಿಂಕಿಗೆ ಹಾಕಿ, ಎಐ ಒಂದೇ ನಿಮಿಷದಲ್ಲಿ ಭವಿಷ್ಯ ಹೇಳುತ್ತದೆ. ಎಲ್ಲರಿಗೂ ಶೇರ್ ಮಾಡಿ.' ನಾನು ನಮ್ಮ ಚೀಟಿ ಸದಸ್ಯರ ಪಟ್ಟಿ ಹಾಕಿ ನೋಡಿದೆ, ಚೆನ್ನಾಗಿದೆ!

ಮೇಡಂ: ಪಟ್ಟಿಯಲ್ಲಿ ಫೋನ್ ನಂಬರ್, ಆಧಾರ್ ಇತ್ತಾ?

ಸದಸ್ಯ, ಮೈಸೂರು: ಇತ್ತು ಮೇಡಂ.

ಮೇಡಂ: ಅಲ್ಲಿ ಅಳಿಸಲು ಆಗುತ್ತದಾ ನೋಡಿ, ಈಗಲೇ. ಸದಸ್ಯರಿಗೂ ತಿಳಿಸಿ. ಬೇರೆಯವರ ವಿವರವನ್ನು ಅವರನ್ನು ಕೇಳದೆ ಗುರುತಿಲ್ಲದ ಜಾಗಕ್ಕೆ ಹಾಕಿದ್ದೀರಿ. ಇಂಥದ್ದಕ್ಕೆಂದೇ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಬಂದಿದೆ. ಈ ಲಿಂಕ್ ನನಗೆ ಈ ವಾರ ಮೂರನೇ ಸಲ ಬಂತು. ದಯವಿಟ್ಟು ಯಾರೂ ಮುಂದೆ ಕಳಿಸಬೇಡಿ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಲಿಂಕೂ ಬೇಡ.

ವಿದ್ಯಾರ್ಥಿನಿ: ಮೇಡಂ, ಡೇಟಾ ಮೈನಿಂಗ್ ಕೋರ್ಸ್ ಮಾಡಿದರೆ ಕೆಲಸ ಸಿಗುತ್ತಾ?

ಬಟ್ಟೆ ಅಂಗಡಿ, ದಾವಣಗೆರೆ: ಹಾಗಾದರೆ ನನಗೂ ನೈಮ್ ಬೆಸ್ಟಾ?

ಮೇಡಂ: ಮೂರು ಪ್ರಶ್ನೆಗೆ ಉತ್ತರ ಎಲ್ಲಿ?

ಬಟ್ಟೆ ಅಂಗಡಿ, ದಾವಣಗೆರೆ: ಹಬ್ಬಕ್ಕೆ ಎಷ್ಟು ಸ್ಟಾಕ್ ತರಬೇಕು ಅಂತ ಅಷ್ಟೇ. ಒಂದು ವರ್ಷದ ಬಿಲ್ಲಿದೆ.

ಮೇಡಂ: ಒಂದು ವರ್ಷದಲ್ಲಿ ಒಂದೇ ದೀಪಾವಳಿ. ಅದರಿಂದ ಯಾವ ಸಾಫ್ಟ್‌ವೇರೂ ಕಲಿಯುವುದಿಲ್ಲ. ಸದ್ಯ ಎಕ್ಸೆಲ್ ಸಾಕು, ಬಿಲ್ಲು ಕೂಡಿಡಿ.

ಪೈಥಾನ್ ಗೆಳೆಯ: ಎಕ್ಸೆಲ್ಲಾ? ಈ ಕಾಲದಲ್ಲಿ?

ಉಪನ್ಯಾಸಕರು: ಮತ್ತೆ ಶುರು ಮಾಡಿದರು.

ಸಂಘದ ಕಾರ್ಯದರ್ಶಿ, ತೀರ್ಥಹಳ್ಳಿ ಕಡೆ: ಮೇಡಂ, ಈಗಷ್ಟೇ ಲೆಡ್ಜರ್ ತೆಗೆದೆ. ಗಡುವಿಗೆ ಕಟ್ಟಿ ಹತ್ತು ದಿನದೊಳಗೆ ಮತ್ತೆ ಸಾಲ ಎತ್ತಿದವರು ಒಂದೇ ಊರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇದ್ದಾರೆ. ಕಂಪನಿಯವರ ಡೆಮೊದಲ್ಲಿ ಇವರೆಲ್ಲ ಹಸಿರು ಬಣ್ಣದಲ್ಲಿದ್ದರು, ಅಂದರೆ ಚಿಂತೆ ಇಲ್ಲದವರು. ಪಟ್ಟಿ ಇಲ್ಲಿ ಹಾಕಲಾ?

ಮೇಡಂ: ಬೇಡ, ಇಲ್ಲಿ ಯಾರ ಹೆಸರೂ ಬೇಡ. ಹಾಗೆ ಎತ್ತಿದವರಿಗೆ 1, ಉಳಿದವರಿಗೆ 0 ಅಂತ ಹೊಸ ಕಾಲಂ ಮಾಡಿ. ಮನ್ನಾ ಆದ ಸಾಲಗಳಿಗೂ ಬೇರೆ ಗುರುತು ಹಾಕಿ. ಅದು ಮುಗಿದ ಮೇಲೆ ಕಂಪನಿಯವರನ್ನು ಕರೆಯಿರಿ.