ಸಲ್ಫಾ ಮಾತ್ರೆಯಿಂದ ಅಮ್ಮನ ಚರ್ಮ ಸುಲಿದಿತ್ತು, ಇನ್ಮೇಲೆ ಏನೇನು ಮುಟ್ಟಬಾರದು?

ಪ್ರಶ್ನೆ (ಮೂಡಿಗೆರೆ):
ಅಮ್ಮನಿಗೆ ಉರಿಮೂತ್ರಕ್ಕೆ ಕೋಟ್ರೈಮಾಕ್ಸಜೋಲ್ ಅನ್ನೋ ಸಲ್ಫಾ ಮಾತ್ರೆ ಕೊಟ್ಟಿದ್ದರು. ವಾರ ಕಳೆದ ಮೇಲೆ ಜ್ವರ, ಗಂಟಲುನೋವು, ಕಣ್ಣು ಕೆಂಪು. ಆಮೇಲೆ ಎದೆ ಮೇಲೆ ನೇರಳೆ ಬಣ್ಣದ ಕಲೆಗಳು, ಮುಟ್ಟಿದರೆ ಚೀರುತ್ತಿದ್ದರು. ತುಟಿ ಒಡೆದು ರಕ್ತ ಕಟ್ಟಿ, ಗಂಜಿನೀರೂ ಇಳಿಯಲಿಲ್ಲ. ಬೆನ್ನು ಒರೆಸಿದರೆ ಬಟ್ಟೆ ಜೊತೆ ಚರ್ಮ ಎದ್ದು ಬಂತು. ಹಾಸನದ ಡಾಕ್ಟರು ನೋಡಿದ ಕೂಡಲೇ ಮಾತ್ರೆ ನಿಲ್ಲಿಸಿ, ಸ್ಟೀವನ್ಸ್ ಜಾನ್ಸನ್ ಸಿಂಡ್ರೋಮ್ ಅಂದರು. ಸುಟ್ಟಗಾಯದವರಿಗೆ ಮಾಡುವ ಆರೈಕೆಯನ್ನೇ ಮಾಡಿದರು. ಅಮ್ಮ ಉಳಿದರು, ಆ ಡಾಕ್ಟರ ಋಣ ದೊಡ್ಡದು.

ಡಿಸ್ಚಾರ್ಜ್ ಚೀಟಿಯಲ್ಲಿ ಸಲ್ಫಾ ಕೊಡಬಾರದು ಅಂತಿದೆ. ತೋಟಕ್ಕೆ ಬೋರ್ಡೋ, ಅಂದರೆ ಮೈಲುತುತ್ತು ಸುಣ್ಣ ಬೆರೆಸಿದ ಔಷಧಿ, ಹೊಡೆಯುವ ಸಮಯ ಬಂತು. ಮೈಲುತುತ್ತು ಅಂದರೆ ಕಾಪರ್ ಸಲ್ಫೇಟ್ ಅಲ್ವಾ? ಅಮ್ಮ ಹೆದರಿ ಆ ಡ್ರಮ್ ಇರೋ ಕಡೆಗೇ ಹೋಗ್ತಿಲ್ಲ. ಮತ್ತೆ ಉರಿಮೂತ್ರ ಬಂದರೆ ಯಾವ ಆಂಟಿಬಯೋಟಿಕ್?

ಉತ್ತರ (ಹಾಸನ, ಮೆಡಿಕಲ್ ಶಾಪ್):
ಸಲ್ಫೇಟ್ ಬೇರೆ, ಸಲ್ಫಾ ಔಷಧಿ ಬೇರೆ. ಮೈಲುತುತ್ತಿನಿಂದ ಈ ಕಾಯಿಲೆ ಮರುಕಳಿಸಲ್ಲ. ಆದರೆ ಕಣ್ಣಿಗೆ ಹಾರಿದರೆ ಕೆಟ್ಟದ್ದು, ಹೊಡೆಯುವಾಗ ಅಮ್ಮ ದೂರ ಇರಲಿ. ನೀವು ಹೆದರಬೇಕಾದ್ದು ಅಡುಗೆಮನೆಯಲ್ಲಿ ಇಡುವ ಸುಟ್ಟಗಾಯದ ಬಿಳಿ ಮುಲಾಮಿಗೆ. ಅದರಲ್ಲಿ ಹೆಚ್ಚಾಗಿ ಸಿಲ್ವರ್ ಸಲ್ಫಾಡಯಾಜಿನ್ ಇರುತ್ತೆ. ಸಲ್ಫಾಸಿಟಮೈಡ್ ಕಣ್ಣಿನ ಡ್ರಾಪ್ಸ್, ಕೀಲುನೋವಿಗೆ ಕೊಡುವ ಸಲ್ಫಾಸಲಜಿನ್ ಕೂಡ ಬೇಡ. ಉರಿಮೂತ್ರಕ್ಕೆ ನೈಟ್ರೋಫ್ಯುರಾಂಟೊಯಿನ್, ಫಾಸ್ಫೋಮೈಸಿನ್ ಅಂತ ಬೇರೆ ಗುಂಪಿನವು ಇವೆ. ಕಿಡ್ನಿ ನೋಡಿ ಡಾಕ್ಟರೇ ಬರೆಯಬೇಕು. ಆ ಚೀಟಿ ತೋರಿಸದೆ ಯಾವ ಅಂಗಡಿಯಲ್ಲೂ ಮಾತ್ರೆ ಕೇಳಬೇಡಿ.

ಉತ್ತರ (ಚಿಕ್ಕಮಗಳೂರು):
ನನಗೆ ಇದೇ ಕಾಯಿಲೆ ಫಿಟ್ಸ್ ಮಾತ್ರೆ ಕಾರ್ಬಮಜೆಪೀನ್‌ನಿಂದ ಬಂದಿತ್ತು. ಅಮ್ಮನಿಗೆ ಸಲ್ಫಾ ಸ್ವಲ್ಪವೇ ಕೊಟ್ಟು ನೋಡೋಣ ಅಂತ ಯಾರಾದರೂ ಅಂದರೆ ಖಂಡಿತ ಒಪ್ಪಬೇಡಿ ತಂಗಿ. ಪೆನ್ಸಿಲಿನ್‌ಗೆ ಚುಚ್ಚಿ ನೋಡ್ತಾರಲ್ಲ, ಆ ಟೆಸ್ಟ್ ಇದಕ್ಕೆ ನಡೆಯಲ್ಲ. ಅದೇ ಔಷಧಿ ಮತ್ತೆ ದೇಹಕ್ಕೆ ಹೋದರೆ ಜೀವಕ್ಕೇ ಅಪಾಯ. ಚರ್ಮ ವಾಸಿಯಾದರೂ ಕಣ್ಣು ತೋರಿಸೋದು ಬಿಡಬೇಡಿ. ನನಗೆ ಕಣ್ಣೀರು ಬತ್ತಿ, ರೆಪ್ಪೆ ಕೂದಲು ಒಳಮುಖವಾಗಿ ಬೆಳೆದು ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಗೀಚಿತ್ತು.

ಉತ್ತರ (ಬೇಲೂರು, ನರ್ಸ್):
1800-180-3024ಕ್ಕೆ ಫೋನ್ ಮಾಡಿ ವರದಿ ಕೊಡಿ, ಔಷಧಿಯ ಅಡ್ಡಪರಿಣಾಮಕ್ಕಾಗಿಯೇ ಇರುವ ಉಚಿತ ಸರ್ಕಾರಿ ನಂಬರು. ರೋಗಿ ಮನೆಯವರೂ ಹೇಳಬಹುದು.

ಪ್ರಶ್ನೆ ಕೇಳಿದವರು:
ಅಕ್ಕಾ, ಕಣ್ಣಲ್ಲಿ ಮರಳು ಬಿದ್ದ ಹಾಗಾಗುತ್ತೆ ಅಂತ ಅಮ್ಮ ನಿನ್ನೆಯೇ ಹೇಳಿದರು. ನಾಳೆಯೇ ಕಣ್ಣಿನ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತೀನಿ. ಬಿಳಿ ಮುಲಾಮು ಮನೆಯಲ್ಲಿತ್ತು ಸಾರ್, ತೆಗೆದು ಬಿಸಾಕಿದೆ.